ಬಾಯಿಮಾತಿಗೆ ಆವಕ ಸಂಖ್ಯೆ ಇರುವುದಿಲ್ಲ

ಕಾಗದವೊಂದು ಏನೆಲ್ಲ ಮಾಡಬಲ್ಲದು ಎಂಬುದನ್ನು ಸಂಡೂರಿನವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ನಮ್ಮೂರ ರಸ್ತೆಯಲ್ಲಿ ಹಗಲೂ ರಾತ್ರಿ ಸಾಲುಗಟ್ಟುತ್ತಿದ್ದ ಅದಿರು ಲಾರಿಗಳಲ್ಲಿ ಯಾವುದಕ್ಕೆ ಪರ್ಮಿಟ್ ಇದೆ, ಯಾವುದಕ್ಕಿಲ್ಲ ಎಂಬ ಪ್ರಶ್ನೆ ಬೆಳೆಯುತ್ತ ಹೋಗಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿಯಾಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಲ್ಲಿಂದೀಚೆಗೆ ಇಲ್ಲಿನ ಗಣಿ ಕಚೇರಿಗಳಲ್ಲಿ ಗುಮಾಸ್ತರಿಂದ ಹಿಡಿದು ಲಾರಿ ಕ್ಲೀನರ್‌ವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: ‘ಕಾಪಿ ಇಟ್ಕೊಂಡಿದೀರಾ?’

ಅದೇ ಕೆಂಧೂಳು ಬೀಳುವ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯದ್ದು, 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ತೆಕ್ಕೆಗೆ ಬಂದದ್ದು. ಗುಡ್ಡ ದಾಟಿ ಹೊಸಪೇಟೆ ಹಾದರೆ ಕಮಲಾಪುರದ ಬಳಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಈ ಎರಡು ಸಂಸ್ಥೆಗಳ ಸುತ್ತ ಕಾಯಂ ಅಧ್ಯಾಪಕರು, ಅತಿಥಿ ಉಪನ್ಯಾಸಕರು, ಗುಮಾಸ್ತರು, ಹೊರಗುತ್ತಿಗೆಯ ಕಾವಲುಗಾರರು, ಹಾಸ್ಟೆಲ್ ಅಡುಗೆಯವರು ಬದುಕುತ್ತಿದ್ದಾರೆ. ಕಂಪ್ಲಿಯಿಂದ, ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಹಿಂದಿರುಗುವವರೂ ಇದ್ದಾರೆ. ಗಣಿಯವರು ಪೆಟ್ಟು ತಿಂದು ಕಲಿತ ಪಾಠವನ್ನು ನಮ್ಮ ಮೇಷ್ಟ್ರುಗಳು ಇನ್ನೂ ಕಲಿತಿಲ್ಲ ಎಂಬುದು ನನ್ನ ದೂರು. ವಿಶ್ವವಿದ್ಯಾಲಯದ ನೌಕರನ ಕಾನೂನು ವ್ಯವಹಾರ ಗೆಲ್ಲುವುದೂ ಸೋಲುವುದೂ ಕೋರ್ಟಿನಲ್ಲಲ್ಲ, ತನ್ನದೇ ಕಚೇರಿಯ ಟಪಾಲು ಮೇಜಿನ ಮೇಲೆ.

ಹೀಗೆ ಹೇಳಲು ನನಗೆ ಹಕ್ಕಿದೆ. ನಾನು ಒಂದು ಕಾಲಕ್ಕೆ ದುಡಿಯುತ್ತಿದ್ದ ಸಂಸ್ಥೆಯಲ್ಲಿ ವೇತನ ಬಡ್ತಿಯ ತಾರೀಖು ತಪ್ಪಾಗಿದೆಯೆಂದು ಅರ್ಜಿ ಕೊಟ್ಟೆ. ‘ಇಟ್ಟು ಹೋಗಿ ಸಾರ್, ಸಾಹೇಬ್ರಿಗೆ ತೋರಿಸ್ತೀನಿ’ ಎಂದರು. ಇಟ್ಟು ಬಂದೆ. ವರ್ಷದ ನಂತರ ವಿಚಾರಿಸಿದಾಗ ಅರ್ಜಿಯೇ ಬಂದಿಲ್ಲ ಎಂದರು. ಆವಕ ವಹಿಯಲ್ಲಿ ನಮೂದಿಲ್ಲ, ನನ್ನ ಕೈಯಲ್ಲಿ ಮೊಹರು ಹಾಕಿದ ಪ್ರತಿಯಿಲ್ಲ. ಬಾಕಿ ಹಣಕ್ಕಾಗಿ ಎರಡು ವರ್ಷ ಅಲೆದೆ. ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಬಂದದ್ದು ಆ ಎರಡು ವರ್ಷದಲ್ಲಿ.

ಮೊದಲು ತಿಳಿಯಬೇಕಾದದ್ದು ತಾನು ಯಾವ ಕಾನೂನಿನ ಸೂರಿನಡಿ ನಿಂತಿದ್ದೇನೆ ಎಂಬುದನ್ನು. ಬಳ್ಳಾರಿಯ ವಿ.ವಿ. ಮತ್ತು ಅದರ ನಂದಿಹಳ್ಳಿ ಕೇಂದ್ರ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ. ಹಂಪಿಯದು ಬೇರೆ, ಅದಕ್ಕೆ 1991ರ ಕನ್ನಡ ವಿಶ್ವವಿದ್ಯಾಲಯ ಅಧಿನಿಯಮವೆಂಬ ಸ್ವಂತ ಕಾಯ್ದೆ. ಖಾಸಗಿ ಕಾಲೇಜಿನ ನೌಕರರದು ಮೂರನೆಯ ದಾರಿ: ವಜಾ ಆದರೆ ಜಿಲ್ಲಾ ನ್ಯಾಯಾಧೀಶರು ಕೂರುವ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ವಿ.ವಿ. ನೌಕರನು ಸರ್ಕಾರಿ ನೌಕರನಂತೆ ಕಂಡರೂ ಸಂವಿಧಾನದ 311ನೇ ವಿಧಿ ಹೇಳುವ ‘ನಾಗರಿಕ ಹುದ್ದೆ’ಯವನಲ್ಲ. ಹಾಗೆಂದು ಅನಾಥನೂ ಅಲ್ಲ. ವಿಶ್ವವಿದ್ಯಾಲಯ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಯಾದ್ದರಿಂದ 14ನೇ ವಿಧಿಯ ಸಮಾನತೆ ಅದನ್ನು ಕಟ್ಟಿಹಾಕುತ್ತದೆ. ಮನಸ್ಸಿಗೆ ಬಂದಂತೆ ಆದೇಶ ಹೊರಡಿಸಿದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು.

ಯಾವ ಹೈಕೋರ್ಟು ಎಂಬಲ್ಲಿ ನಮ್ಮ ಭಾಗದ ಒಂದು ವಿಚಿತ್ರವಿದೆ. 371(ಜೆ) ವಿಧಿಯ ಲೆಕ್ಕದಲ್ಲಿ ನಾವು ಕಲ್ಯಾಣ ಕರ್ನಾಟಕದವರು. ನೇಮಕಾತಿಯಲ್ಲಿ ಸ್ಥಳೀಯರಿಗೆ ‘ಎ’ ‘ಬಿ’ ವೃಂದದಲ್ಲಿ ಶೇ 75, ‘ಸಿ’ಯಲ್ಲಿ 80, ‘ಡಿ’ಯಲ್ಲಿ 85 ಎಂಬ 2013ರ ಮೀಸಲಾತಿ ಆದೇಶ ನಮಗೆ ಅನ್ವಯಿಸುತ್ತದೆ. ಆದರೆ ಕೇಸು ಹಾಕಲು ಕಲಬುರಗಿಗೆ ಹೋದರೆ ವಾಪಸು ಕಳಿಸುತ್ತಾರೆ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಗೆ ಸೇರಿವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಅದು. ಸಂಡೂರಿನಿಂದ ಸುಮಾರು 200 ಕಿ.ಮೀ. ದೂರ, ಬೆಂಗಳೂರಿಗೆ ಹೋಗುವ ಕಾಲಕ್ಕೆ ಹೋಲಿಸಿದರೆ ಪಕ್ಕದ ಮನೆಯೇ. 2021ರಲ್ಲಿ ಜಿಲ್ಲೆ ಇಬ್ಭಾಗವಾದಾಗ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು. ಪೊಲೀಸ್ ದೂರಿಗೋ ಜಿಲ್ಲಾಧಿಕಾರಿಗೆ ಮನವಿ ಕೊಡುವುದಕ್ಕೋ ಹೊರಟಾಗ ಇದು ನೆನಪಿರಬೇಕು.

ಇನ್ನು ಕಡತದ ಮಾತು. ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಮಾಡಿ ಸಿಕ್ಕಿಬಿದ್ದವರ ಸಂಖ್ಯೆ ಲಂಚ ತಿಂದು ಸಿಕ್ಕಿಬಿದ್ದವರಿಗಿಂತ ಹೆಚ್ಚಿರಬೇಕು ಎಂಬುದು ನನ್ನ ಅಂದಾಜು. ಪ್ರಯೋಗಾಲಯಕ್ಕೆ ಉಪಕರಣ ಬೇಕು, ಮಾರ್ಚ್ ತಿಂಗಳು, ಅನುದಾನ ವಾಪಸು ಹೋಗುತ್ತದೆ, ‘ಬಿಲ್ಲನ್ನು ಎರಡು ತುಂಡು ಮಾಡಿ’ ಎಂದು ಫೋನ್ ಬರುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ತಡೆಯಲು ಬಯಸಿದ್ದು ಇಂಥದನ್ನೇ. ಮೂರು ವರ್ಷದ ಮೇಲೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಾಗ ಫೋನ್ ಮಾಡಿದವರು ನಿವೃತ್ತರಾಗಿರುತ್ತಾರೆ, ಸಹಿ ಮಾಡಿದವರು ಉಳಿದಿರುತ್ತಾರೆ. ಹೀಗಾಗಿ ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಬರೆಯುವ ಅಭ್ಯಾಸ ಬೇಕು: ‘ಇಂದು ದೂರವಾಣಿಯಲ್ಲಿ ನೀಡಿದ ಸೂಚನೆಯಂತೆ ಮಂಡಿಸಿದೆ, ಲಿಖಿತ ಆದೇಶಕ್ಕಾಗಿ.’ ಇದು ಉದ್ಧಟತನವಲ್ಲ, ಕಚೇರಿಯ ಪದ್ಧತಿ. ಆ ಸಾಲನ್ನು ನೋಡಿ ಮೇಲಧಿಕಾರಿಯೂ ಒಮ್ಮೆ ಯೋಚಿಸುತ್ತಾನೆ. ಎಷ್ಟೋ ಸಲ ಸೂಚನೆಯೇ ಹಿಂದಕ್ಕೆ ಹೋಗುತ್ತದೆ.

ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು. ನಂದಿಹಳ್ಳಿಯಲ್ಲಿ 2010ಕ್ಕೂ ಮುಂಚೆ ಸೇರಿದವರ ಸೇವೆ ಶುರುವಾದದ್ದು ಗುಲ್ಬರ್ಗಾ ವಿ.ವಿ.ಯ ಮೊಹರಿನಡಿ. ಜನ್ಮದಿನಾಂಕ, ಸೇರಿದ ದಿನ, ವೇತನ ನಿಗದಿ, ರಜೆ ಖಾತೆ, ನಾಮನಿರ್ದೇಶನ, ಇವುಗಳಲ್ಲಿನ ತಪ್ಪು ನಿವೃತ್ತಿಯ ಅಂಚಿನಲ್ಲಿ ಗೊತ್ತಾದರೆ ತಿದ್ದಿಸುವುದು ಹಗ್ಗದ ಮೇಲಿನ ನಡಿಗೆ. ವೇತನ ಪರಿಷ್ಕರಣೆಯ ಹೊತ್ತಿನಲ್ಲಿ ಗುಮಾಸ್ತರು ಮುಂದಿಡುವ ಮುಚ್ಚಳಿಕೆಯನ್ನೂ ಓದದೆ ಸಹಿ ಮಾಡಬಾರದು. ಕಚೇರಿಯ ತಪ್ಪಿನಿಂದ ಹೆಚ್ಚು ಸಂಬಳ ಹೋಗಿದ್ದರೆ ‘ಸಿ’, ‘ಡಿ’ ವೃಂದದವರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಹಳೆಯ ಪಾವತಿಗಳಿಗೆ ವಸೂಲಿ ಸಲ್ಲದು ಎಂದು 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಎರಡು ವರ್ಷದಲ್ಲೇ, 2016ರಲ್ಲಿ, ‘ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆ’ ಎಂದು ಬರೆದುಕೊಟ್ಟ ನಿವೃತ್ತ ಅಧಿಕಾರಿಗೆ ಆ ರಕ್ಷಣೆಯಿಲ್ಲ ಎಂದೂ ಅದೇ ಕೋರ್ಟು ಹೇಳಿತು.

ಅಮಾನತು ಮತ್ತು ಇಲಾಖಾ ವಿಚಾರಣೆ ಎಂದರೆ ನಮ್ಮವರು ಎರಡು ತಪ್ಪಿನಲ್ಲಿ ಒಂದನ್ನು ಮಾಡುತ್ತಾರೆ: ಅವಮಾನವಾಯಿತೆಂದು ನೋಟಿಸನ್ನೇ ತೆಗೆದುಕೊಳ್ಳುವುದಿಲ್ಲ, ಇಲ್ಲವೇ ಕೋಪದಲ್ಲಿ ಹತ್ತು ಪುಟದ ಉತ್ತರ ಬರೆಯುತ್ತಾರೆ. ನೋಟಿಸ್ ನಿರಾಕರಿಸಿದರೆ ಜಾರಿಯಾಗಿದೆ ಎಂದೇ ಲೆಕ್ಕ. ತಾರೀಖು, ಸಮಯ ಬರೆದು ಸಹಿ ಮಾಡಿ ತೆಗೆದುಕೊಳ್ಳುವುದೇ ಜಾಣತನ. ಶಿಸ್ತು ಕ್ರಮಕ್ಕೆ ನಮ್ಮ ವಿ.ವಿ.ಗಳು ಸಾಮಾನ್ಯವಾಗಿ ಹಿಡಿಯುವ ದಾರಿ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳದ್ದು. ಕಚೇರಿಯ ಭಾಷೆಯಲ್ಲಿ ‘ಸಿಸಿಎ ರೂಲ್ಸ್’. ಭಾರಿ ದಂಡನೆ ಕೊಡಬೇಕಾದರೆ ದೋಷಾರೋಪ ಪಟ್ಟಿ ಬೇಕು, ಅದರ ಜೊತೆ ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ ಬೇಕು. ಮೊದಲ ಉತ್ತರದಲ್ಲಿ ಮಾಡಬೇಕಾದ ಕೆಲಸ ಸಣ್ಣದು: ದಾಖಲೆಗಳ ಪ್ರತಿ ಕೇಳುವುದು, ಆರೋಪವನ್ನು ಒಂದೊಂದಾಗಿ ಒಪ್ಪುವುದೋ ನಿರಾಕರಿಸುವುದೋ. ಉಳಿದ ಅಳಲಿಗೆ ಪಾಟೀ ಸವಾಲಿನ ಹೊತ್ತು ಇದ್ದೇ ಇದೆ. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಆರೋಪಿ ನೌಕರನಿಗೆ ಕೊಡದೆ ಶಿಕ್ಷೆ ವಿಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲೇ ಹೇಳಿದೆ. ದೋಷಾರೋಪ ಪಟ್ಟಿ ಕೊಡದೆ ಅಮಾನತನ್ನು ಮೂರು ತಿಂಗಳಿಗಿಂತ ಎಳೆಯಬಾರದು ಎಂಬುದು 2015ರ ತೀರ್ಪು.

ಜೀವನಾಧಾರ ಭತ್ಯೆಯ ವಿಷಯಕ್ಕೆ ಬಂದರೆ, ಗಣಿ ನಾಡಿನವರಾದ ನಾವು ನೆನಪಿಡಬೇಕಾದ ಪ್ರಕರಣ ಇನ್ನೊಂದು ಗಣಿಯದೇ. ಕೋಲಾರದ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ 1985ರಲ್ಲಿ ಪೊಲೀಸರು ದಾಳಿ ಮಾಡಿ ಚಿನ್ನ ಸಿಕ್ಕಿತೆಂದರು. ಅಮಾನತಾಯಿತು, ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದ ಅವರು ಊರು ಬಿಟ್ಟು ಕೇರಳದಲ್ಲಿದ್ದಾಗ ವಿಚಾರಣೆ ಏಕಪಕ್ಷೀಯವಾಗಿ ನಡೆದು ವಜಾ ಆದರು. ಅದೇ ದಾಳಿಯ ಕ್ರಿಮಿನಲ್ ಮೊಕದ್ದಮೆಯಲ್ಲಿ ಖುಲಾಸೆಯಾದರು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದುಪಡಿಸಿತು. ಹೊಟ್ಟೆಗಿಲ್ಲದವನನ್ನು ದೂರದೂರಿಗೆ ವಿಚಾರಣೆಗೆ ಕರೆಯುವುದು ವಿಚಾರಣೆಯೇ ಅಲ್ಲ ಎಂಬುದು ಅದರ ಒಟ್ಟು ಧ್ವನಿ. ಅರ್ಧ ವೇತನ ರಜೆಯಲ್ಲಿ ಸಿಗುವಷ್ಟು ಮೊತ್ತ ಅಮಾನತಾದ ನೌಕರನಿಗೆ ಮೊದಲ ದಿನದಿಂದ ಸಲ್ಲಬೇಕು. ಆದರೆ ಪ್ರತಿ ತಿಂಗಳೂ ‘ಬೇರೆಲ್ಲೂ ಕೆಲಸ ಮಾಡುತ್ತಿಲ್ಲ’ ಎಂಬ ಪ್ರಮಾಣಪತ್ರ ಕೊಡಬೇಕು. ಅದನ್ನು ಕೊಡದೆ ಭತ್ಯೆ ನಿಂತಿತೆಂದು ಗೋಳಾಡುವವರನ್ನು ಕಂಡಿದ್ದೇನೆ.

ನಮ್ಮ ಕ್ಯಾಂಪಸ್ಸುಗಳ ದೊಡ್ಡ ಗಾಯ ತಾತ್ಕಾಲಿಕ ನೌಕರಿ. ಇದರ ಕಾನೂನಿನ ಬೇರು ಕರ್ನಾಟಕದಲ್ಲೇ ಇದೆ. ರಾಜ್ಯದ ಕೆಲವು ಜಿಲ್ಲೆಗಳಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳು ಹೂಡಿದ ವ್ಯಾಜ್ಯ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ 2006ರ ಏಪ್ರಿಲ್ 10ರಂದು ‘ಉಮಾದೇವಿ ತೀರ್ಪು’ ಆಯಿತು. ನೇಮಕಾತಿ ನಿಯಮ ಮೀರಿ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ಕೋರ್ಟಿನ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಮಾತ್ರ ಒಂದು ಬಾರಿಗೆ ಪರಿಗಣಿಸಿ, ಎಂದಿತು. ಆ ಮೇಲೆ ದೇಶದ ಎಲ್ಲ ಕಚೇರಿಗಳೂ ಈ ತೀರ್ಪಿನ ಮೊದಲರ್ಧವನ್ನು ಗಟ್ಟಿಯಾಗಿ ಓದಿ ಕೊನೆಯ ಭಾಗವನ್ನು ಮರೆತವು. 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದ ಕಸ ಗುಡಿಸುವ ಹೆಂಗಸರ ಪ್ರಕರಣದಲ್ಲಿ, ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಹಾಕಲು ಉಮಾದೇವಿಯನ್ನು ಅಸ್ತ್ರ ಮಾಡಿಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟೇ ಗದರಿಸಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಿ ಎಂದೂ ಹೇಳಿತು.

ಹಾಗಾದರೆ ನಮ್ಮ ಅತಿಥಿ ಉಪನ್ಯಾಸಕರು ನಾಳೆಯೇ ಕಾಯಂ ಆಗುತ್ತಾರೆಯೇ? ಇಲ್ಲ. ಸುಳ್ಳು ಭರವಸೆ ಕೊಡುವ ಸಂಘಗಳ ಮಾತು ಬೇರೆ. ಆದರೆ ಹಾದಿ ಪೂರ್ತಿ ಮುಚ್ಚಿಲ್ಲ, ಮತ್ತು ಆ ಹಾದಿಯಲ್ಲಿ ನಡೆಯಲು ದಾಖಲೆ ಬೇಕು. ಪ್ರತಿ ಸೆಮಿಸ್ಟರಿನ ಆದೇಶ, ಸೇರಿದ ವರದಿ, ಕಾರ್ಯಭಾರದ ಪಟ್ಟಿ, ಪರೀಕ್ಷಾ ಕೆಲಸದ ಮೆಮೊ, ಬ್ಯಾಂಕ್ ಖಾತೆಗೆ ಬಂದ ಗೌರವಧನದ ವಿವರ, ಆ ಹುದ್ದೆಗೆ ಅರ್ಜಿ ಕರೆದ ಜಾಹೀರಾತಿನ ತುಂಡು. ಜಾಹೀರಾತು, ಸಂದರ್ಶನ, ರೋಸ್ಟರ್ ಮೂಲಕ ಬಂದವರಿಗೂ ಚೀಟಿಯ ಮೇಲೆ ಬಂದವರಿಗೂ ಕೋರ್ಟಿನ ಕಣ್ಣಲ್ಲಿ ಅಜಗಜಾಂತರ. ಎನ್‌ಇಟಿ, ಕೆ–ಸೆಟ್ ಅಥವಾ ಪಿಎಚ್‌.ಡಿ ಅರ್ಹತೆ ಯಾವ ತಾರೀಖಿಗೆ ಬಂತೆಂಬುದೂ ಮುಖ್ಯ. ಗುತ್ತಿಗೆಯ ಹೆಣ್ಣುಮಕ್ಕಳು ಹೆರಿಗೆ ರಜೆಯ ಹಕ್ಕನ್ನು ಬಿಟ್ಟುಕೊಡಬಾರದು. ಗುತ್ತಿಗೆ ಅವಧಿ ಮುಗಿಯಿತೆಂದು ಹೆರಿಗೆ ಸೌಲಭ್ಯ ಕತ್ತರಿಸುವಂತಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ತೀರ್ಪಾಗಿದೆ.

ಮಾಹಿತಿ ಹಕ್ಕಿನ ಅರ್ಜಿ ಬಂದರೆ ಕಚೇರಿಯಲ್ಲಿ ಸೂತಕದ ಕಳೆ. ಹೆದರುವ ಅಗತ್ಯವಿಲ್ಲ, ದಿನ ಎಣಿಸಿದರೆ ಸಾಕು. ಅರ್ಜಿ ತಮ್ಮದಲ್ಲದಿದ್ದರೆ 5 ದಿನದಲ್ಲಿ ವರ್ಗಾಯಿಸಬೇಕು. ತಮ್ಮದಾದರೆ 30 ದಿನದಲ್ಲಿ ಉತ್ತರ. ತಡವಾದರೆ ಸಾರ್ವಜನಿಕ ಮಾಹಿತಿ ಅಧಿಕಾರಿಯ ಕಿಸೆಯಿಂದಲೇ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ನಂದಿಹಳ್ಳಿಗೆ ಬಂದ ಅರ್ಜಿಯನ್ನು ‘ಬಳ್ಳಾರಿಗೆ ಕೇಳಿ’ ಎಂದು ಹಿಂದಿರುಗಿಸುವುದು ದಂಡಕ್ಕೆ ಆಹ್ವಾನ. ವಿದ್ಯಾರ್ಥಿಗೆ ತನ್ನದೇ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ತೀರ್ಮಾನವಾಗಿದೆ. ಮೌಲ್ಯಮಾಪಕರ ಹೆಸರು ಮುಚ್ಚಿ ಕೊಡಬೇಕು. ಸಹೋದ್ಯೋಗಿಯ ಆಸ್ತಿ ವಿವರ, ಮೆಮೊಗಳ ಪ್ರತಿ ವೈಯಕ್ತಿಕ ಮಾಹಿತಿ ಎಂಬುದು 2012ರ ತೀರ್ಪಿನ ನಿಲುವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ಇನ್ನಷ್ಟು ಬಿಗಿಮಾಡಿದೆ. ಬಿಗಿ ಅತಿಯಾಯಿತೆಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಅಂದಹಾಗೆ ಈ ಹಕ್ಕು ನೌಕರನಿಗೂ ಇದೆ: 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ತನ್ನದೇ ಕಡತದ ಟಿಪ್ಪಣಿ ಹಾಳೆ ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು, ಅಷ್ಟೆ.

ಲೈಂಗಿಕ ಕಿರುಕುಳದ ದೂರಿನಲ್ಲಿ ವಿಭಾಗದ ಹಿರಿಯರು ‘ಮನೆಮಾತು’ ಮಾಡಿ ಮುಗಿಸಲು ಹೊರಡುವುದೇ ಮೊದಲ ತಪ್ಪು. 2013ರ ಕಾಯ್ದೆ, ಅದರ ಜೊತೆಗೆ ಯುಜಿಸಿಯ 2015ರ ನಿಯಮಾವಳಿ ಇರುವುದು ಇದಕ್ಕೇ. ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆ, ಅರ್ಧಕ್ಕೆ ಕಡಿಮೆಯಿಲ್ಲದ ಮಹಿಳಾ ಸದಸ್ಯರು, ಹೊರಗಿನವರೊಬ್ಬರು ಇರುವ ಆಂತರಿಕ ಸಮಿತಿ ವಿಚಾರಣೆ ನಡೆಸಬೇಕು. ದೂರಿಗೆ ಮೂರು ತಿಂಗಳ ಅವಧಿ, ಸಕಾರಣವಿದ್ದರೆ ಇನ್ನೂ ಮೂರು. ವಿಚಾರಣೆಗೆ 90 ದಿನ. ಸಂತ್ರಸ್ತೆ ತಾನಾಗಿ ಕೇಳಿದರೆ ಮಾತ್ರ ರಾಜಿ, ಅದೂ ಹಣದ ಮೇಲಲ್ಲ. ಹೆಸರು ಹೊರಗೆ ಬಿಡುವವರಿಗೂ ಶಿಕ್ಷೆಯಿದೆ, ಕ್ಯಾಂಟೀನಿನಲ್ಲಿ ಬಿಟ್ಟರೂ. ಮುಖ್ಯ ಕ್ಯಾಂಪಸ್ಸಿನಲ್ಲಿ ಸಮಿತಿ ಇದೆ ಎಂಬ ನೆಪ ಸಲ್ಲದು. ಕಾಯ್ದೆಯ ಪ್ರಕಾರ ಬೇರೆ ಸ್ಥಳದಲ್ಲಿರುವ ಪ್ರತಿ ಘಟಕಕ್ಕೂ ಸಮಿತಿ ಬೇಕು. ಗುಡ್ಡದಾಚೆಯ ಕೇಂದ್ರಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಇದನ್ನು ಬರವಣಿಗೆಯಲ್ಲೇ ಕೇಳಬೇಕು.

ಹಾಸ್ಟೆಲಿನಲ್ಲಿ ರ್‍ಯಾಗಿಂಗ್ ನಡೆದರೆ ಯುಜಿಸಿಯ 2009ರ ನಿಯಮದಂತೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕಾದ ಹೊಣೆ ಸಂಸ್ಥೆಯ ಮುಖ್ಯಸ್ಥರದು. ವಾರ್ಡನ್ ರಾತ್ರಿಯೇ ವರದಿ ಬರೆದಿಡಲಿ. ಜಾತಿನಿಂದನೆಯ ದೂರನ್ನು ತಡೆಹಿಡಿಯುವ ಸಾರ್ವಜನಿಕ ನೌಕರನನ್ನೇ 1989ರ ದೌರ್ಜನ್ಯ ತಡೆ ಕಾಯ್ದೆ ಆರೋಪಿ ಮಾಡಬಲ್ಲದು. ಲಂಚದ ವಿಷಯದಲ್ಲಿ 2018ರಿಂದ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದಲ್ಲಿ ದೂರು ಕೊಡಬೇಕು. ಪಿಎಚ್‌.ಡಿ ವೈವಾದ ಊಟ, ಶಾಲು, ಕವರುಗಳನ್ನು ‘ಪದ್ಧತಿ’ ಎನ್ನುವ ಮಾರ್ಗದರ್ಶಕರು ಇದನ್ನು ಗಮನಿಸಿ. ಕೃತಿಚೌರ್ಯಕ್ಕೆ ಯುಜಿಸಿ 2018ರ ನಿಯಮವಿದೆ: ಹೋಲಿಕೆ ಶೇ 10 ದಾಟಿದರೆ ತೊಂದರೆ ಶುರು, ಅಧ್ಯಾಪಕರ ಬರಹದಲ್ಲಿ ಶೇ 40 ಮೀರಿದರೆ ವೇತನ ಬಡ್ತಿಗೇ ಕತ್ತರಿ.

ಕೊನೆಗೆ ಕೋರ್ಟಿನ ಕಾಗದ. ವಿ.ವಿ.ಯ ಮೇಲಿನ ವ್ಯಾಜ್ಯದಲ್ಲಿ ಸಂಸ್ಥೆಯ ಪರ ನಿಲ್ಲುವವರು ಕುಲಸಚಿವರು. ವಕೀಲರ ನೋಟಿಸಿಗೆ ವಿಭಾಗದ ಮುಖ್ಯಸ್ಥರು ಸ್ವಂತ ಲೆಟರ್‌ಹೆಡ್‌ನಲ್ಲಿ ಉತ್ತರಿಸಿದರೆ ಆ ಉತ್ತರವೇ ಎದುರಾಳಿಯ ಮೊದಲ ದಾಖಲೆಯಾಗುತ್ತದೆ. ಬಂದ ದಿನವೇ ಲಕೋಟೆ ಸಮೇತ ಕುಲಸಚಿವರಿಗೆ ಕಳಿಸಿ, ಕಳಿಸಿದ್ದಕ್ಕೆ ಜಾವಕ ಸಂಖ್ಯೆ ಇಟ್ಟುಕೊಳ್ಳಬೇಕು. ಹೈಕೋರ್ಟಿನ ಕಲಾಪ ಇಂಗ್ಲಿಷಿನದು, ನಮ್ಮ ಕಡತಗಳು ಕನ್ನಡದವು. ಹಂಪಿಯಲ್ಲಂತೂ ಹುಟ್ಟಿನಿಂದಲೇ ಕನ್ನಡ. ಹೀಗಾಗಿ ಭಾಷಾಂತರವೇ ವ್ಯಾಜ್ಯದ ಅರ್ಧ ಕೆಲಸ. ‘ಮುಂದಿನ ಆದೇಶದವರೆಗೆ’ ಎಂಬುದನ್ನೂ ‘ಮುಂದಿನ ವ್ಯವಸ್ಥೆಯವರೆಗೆ’ ಎಂಬುದನ್ನೂ ಒಂದೇ ಇಂಗ್ಲಿಷ್ ಮಾತಿಗೆ ಇಳಿಸಿದರೆ ನೌಕರನ ಹಣೆಬರಹ ಬದಲಾಗುತ್ತದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಲು ನಾಚಬೇಕಿಲ್ಲ.

ನೌಕರರ ರಿಟ್‌ಗಳಲ್ಲಿ ಪದೇ ಪದೇ ಕಾಣುವ ಆದೇಶವೆಂದರೆ ‘ಮನವಿಯನ್ನು ಪರಿಗಣಿಸಿ ಇಂತಿಷ್ಟು ವಾರದಲ್ಲಿ ತೀರ್ಮಾನಿಸಿ’ ಎಂಬುದು. ಗೆದ್ದೆವೆಂದು ಪೇಢೆ ಹಂಚಿ ಸುಮ್ಮನಾಗುವವರಿದ್ದಾರೆ. ದೃಢೀಕೃತ ಪ್ರತಿ ಪಡೆದು, ಮನವಿಯ ಜೊತೆ ಮತ್ತೆ ಆವಕಕ್ಕೆ ಕೊಟ್ಟ ದಿನದಿಂದ ಆ ವಾರಗಳ ಲೆಕ್ಕ ಶುರು. ಅವಧಿ ಮೀರಿಯೂ ಅಲುಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಮಿತಿ. ಏಕಸದಸ್ಯ ಪೀಠದ ತೀರ್ಪು ವಿರುದ್ಧವಾದರೆ ರಿಟ್ ಮೇಲ್ಮನವಿಗೆ 30 ದಿನ. ನಿವೃತ್ತರಿಗೆ ಇನ್ನೊಂದು: ನಾಲ್ಕು ವರ್ಷಕ್ಕೂ ಹಿಂದಿನ ಘಟನೆಗೆ ಅವರ ಮೇಲೆ ಹೊಸದಾಗಿ ಇಲಾಖಾ ವಿಚಾರಣೆ ಹೂಡಲು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮ ಬಿಡುವುದಿಲ್ಲ.

ವಕೀಲರ ಫೀಜಿಗೆ ಹೆದರಿ ಮನೆಯಲ್ಲಿ ಕೂತವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಹೋಗುವಾಗ ಆದೇಶದ ಜೊತೆ ಅದು ಬಂದ ಅಂಚೆ ಲಕೋಟೆಯನ್ನೂ ಒಯ್ಯಿರಿ. ಆದೇಶ ನಿಮ್ಮ ಕೈಗೆ ಯಾವತ್ತು ಸಿಕ್ಕಿತು ಎಂಬುದಕ್ಕೆ ಸಾಕ್ಷಿ ಅದರ ಮೇಲಿನ ಮೊಹರು.